ಮಗಳು ವೃತ್ತಿಪರ ಬ್ಯಾಡ್ಮಿಂಟನ್ ಆಟಗಾರ್ತಿಯಾಗಬೇಕಾದರೆ: ರಾಯಚೂರು, ಕೊಪ್ಪಳ, ಬಳ್ಳಾರಿಯ ಪಾಲಕರಿಗೆ ಕೈಪಿಡಿ

ನಮ್ಮ ಭಾಗದ ಪಾಲಕರು ಮಗಳ ಬ್ಯಾಡ್ಮಿಂಟನ್ ಕುರಿತು ಮೊದಲು ಕೇಳುವುದು ಯಾವ ಅಕಾಡೆಮಿಗೆ ಸೇರಿಸಬೇಕು ಎಂಬುದನ್ನು. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಯಾವಾಗ ಸೇರಿಸಬೇಕು ಎಂಬುದು. ಎಂಟರಿಂದ ಹನ್ನೆರಡರ ವಯಸ್ಸಿನಲ್ಲಿ ಕಲಿಯಬೇಕಾದ ಬಹುಪಾಲನ್ನು ಒಳ್ಳೆಯ ತರಬೇತುದಾರರಿದ್ದರೆ ಜಿಲ್ಲಾ ಕೇಂದ್ರದಲ್ಲಿಯೇ ಕಲಿಯಬಹುದು. ಊರಿನಲ್ಲಿ ಸಿಗದಿರುವುದು ಅವಳನ್ನು ದಿನವೂ ಸೋಲಿಸಬಲ್ಲ ಎದುರಾಳಿ. ಆದ್ದರಿಂದ ಹುಡುಗರೊಡನೆ, ಬೆಳಗಿನ ಹೊತ್ತು ಆಡಲು ಬರುವ ಹಿರಿಯ ಆಟಗಾರರೊಡನೆ ಆಡಿಸಲು ಸಂಕೋಚಪಡಬೇಡಿ. ಅವರೆಲ್ಲರನ್ನೂ ಅವಳು ಸಲೀಸಾಗಿ ಗೆಲ್ಲತೊಡಗಿದಾಗ ಊರು ಬಿಡುವ ಸಮಯ ಬಂದಿದೆ ಎಂದು ತಿಳಿಯಿರಿ.

ಅಲ್ಲಿಯವರೆಗೆ ಪದಕಗಳಿಗಿಂತ ಫುಟ್‌ವರ್ಕ್ ಮತ್ತು ರಾಕೆಟ್ ಹಿಡಿತದ ಕಡೆಗೆ ಗಮನವಿರಲಿ. ಸಿಮೆಂಟ್ ನೆಲದ ಮೇಲೆ ನಿತ್ಯ ಜಿಗಿದಾಡಿದರೆ ಮಂಡಿ, ಹಿಮ್ಮಡಿಗಳಿಗೆ ಪೆಟ್ಟು ಬೀಳುವುದರಿಂದ ಮರದ ಅಥವಾ ಸಿಂಥೆಟಿಕ್ ಮ್ಯಾಟ್ ಹಾಸಿದ ಅಂಕಣವನ್ನೇ ಹುಡುಕಬೇಕು. 80ರಿಂದ 84 ಗ್ರಾಂ ತೂಕದ ರಾಕೆಟ್, 20–22 ಪೌಂಡ್ ಬಿಗಿತದ ಗಟ್ (ರಾಕೆಟ್‌ನ ದಾರ) ಸಾಕು; ಟಿವಿಯಲ್ಲಿ ಕಂಡ ಆಟಗಾರ್ತಿಯ ಬಿಗಿತವನ್ನು ಹತ್ತು ವರ್ಷದ ಹುಡುಗಿಯ ರಾಕೆಟ್‌ಗೆ ಹಾಕಿಸಿದರೆ ಭುಜ ನೋಯುತ್ತದೆ.

ಖರ್ಚಿನಲ್ಲಿ ದೊಡ್ಡ ಪಾಲು ನುಂಗುವುದು ಶಟಲ್. 16 ಗರಿಗಳ, 4.74ರಿಂದ 5.50 ಗ್ರಾಂ ತೂಕದ ಈ ವಸ್ತುವಿಗೆ ನಮ್ಮ ಹವೆ ಒಗ್ಗುವುದಿಲ್ಲ. ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಗಾಳಿ ತೆಳುವಾಗಿ ಶಟಲ್ ದೂರ ಹಾರುತ್ತದೆ. ಆಗ ಡಬ್ಬಿಯ ಮೇಲೆ 75 ಅಥವಾ 76 ಎಂದು ನಮೂದಿಸಿದ ನಿಧಾನದ ಶಟಲ್ ಕೊಳ್ಳಬೇಕೇ ಹೊರತು 77, 78 ಅಲ್ಲ. ಒಣ ಹವೆಗೆ ಗರಿಗಳು ಪೆಡಸಾಗಿ ಬೇಗ ಮುರಿಯುವುದರಿಂದ, ಡಬ್ಬಿಯ ಮುಚ್ಚಳ ತೆಗೆದು ಬಿಸಿನೀರಿನ ಹಬೆಗೆ ಕೆಲವು ಸೆಕೆಂಡು ಹಿಡಿದು, ಮತ್ತೆ ಮುಚ್ಚಿ ಒಂದು ರಾತ್ರಿ ಇಟ್ಟು ಬಳಸಿದರೆ ಬಾಳಿಕೆ ಹೆಚ್ಚುತ್ತದೆ.

ಇನ್ನು ಕಾಗದಪತ್ರ. ಅಧಿಕೃತ ಟೂರ್ನಿಗಳಲ್ಲಿ ಆಡಲು ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆ ಹಾಗೂ ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ನೋಂದಣಿ ಬೇಕು. 13, 15, 17, 19ರೊಳಗಿನ ವಿಭಾಗಗಳಲ್ಲಿ ವಯಸ್ಸಿನ ಪರಿಶೀಲನೆ ನಡೆಯುತ್ತದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನವನ್ನು ಜೂನ್ 1 ಎಂದು ಬರೆಸಿಬಿಡುವ ನಮ್ಮ ಹಳೆಯ ರೂಢಿ ಇಲ್ಲಿ ದುಬಾರಿಯಾದೀತು. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರರಲ್ಲೂ ಒಂದೇ ದಿನಾಂಕವಿರಲಿ. ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ನೌಕರಿಗಳಲ್ಲಿ ಮೀಸಲಾತಿ ಕೊಡಿಸುವ 371(ಜೆ) ಅರ್ಹತಾ ಪ್ರಮಾಣಪತ್ರವನ್ನೂ ಊರು ಬಿಡುವ ಮುನ್ನವೇ ಮಾಡಿಸಿಟ್ಟುಕೊಳ್ಳಿ.

ಹೊರಡುವುದಾದರೆ ಎಲ್ಲಿಗೆ? ತೋರಣಗಲ್ಲಿನ ಕ್ರೀಡಾ ಸಂಸ್ಥೆ ಹತ್ತಿರವಿದ್ದರೂ ಅದು ಹೆಸರಾಗಿರುವುದು ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳಿಗೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಸೈನಾ ನೆಹ್ವಾಲ್, ಪಿ.ವಿ. ಸಿಂಧು ಇಬ್ಬರೂ ಅಲ್ಲಿ ಪುಲ್ಲೇಲ ಗೋಪಿಚಂದ್ ಅವರ ಬಳಿ ಪಳಗಿದವರು. ಬಳ್ಳಾರಿ, ಕೊಪ್ಪಳದವರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು; ಪ್ರಕಾಶ್ ಪಡುಕೋಣೆ 1994ರಲ್ಲಿ ಅಕಾಡೆಮಿ ಕಟ್ಟಿದ್ದು ಅಲ್ಲಿಯೇ. ಹೆಸರನ್ನಷ್ಟೇ ನೋಡದೆ, ಒಂದು ಅಂಕಣಕ್ಕೆ ಎಷ್ಟು ಮಕ್ಕಳು, ಹುಡುಗಿಯರ ವಸತಿಯ ಹೊಣೆ ಯಾರದು, ಫಿಸಿಯೋ ಇದ್ದಾರೆಯೇ ಎಂಬುದನ್ನು ಸ್ವತಃ ಹೋಗಿ ವಿಚಾರಿಸಿ.

ಹೆಣ್ಣುಮಕ್ಕಳ ಆರೋಗ್ಯದ ವಿಚಾರವನ್ನು ತರಬೇತುದಾರರ ಮುಂದೆ ಎತ್ತಲು ತಾಯಂದಿರು ಹಿಂಜರಿಯುತ್ತಾರೆ. ಹಿಂಜರಿಯಬಾರದು. ಕಠಿಣ ತರಬೇತಿಯ ನಡುವೆ ಮುಟ್ಟು ನಿಂತರೆ ಅದು ಪರಿಶ್ರಮದ ಗುರುತಲ್ಲ. ಖರ್ಚಾಗುವಷ್ಟು ಶಕ್ತಿ ಊಟದಿಂದ ಸಿಗುತ್ತಿಲ್ಲವೆಂಬ ಸೂಚನೆಯಾಗಿರಬಹುದು, ಮತ್ತು ಅದನ್ನು ಅಲಕ್ಷಿಸಿದರೆ ಮೂಳೆಗಳು ದುರ್ಬಲವಾಗುತ್ತವೆ. ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿಯ ನಮ್ಮ ಊಟ ಒಳ್ಳೆಯದೇ, ಆದರೆ ಆಟಗಾರ್ತಿಗೆ ಹಾಲು, ಮೊಸರು, ಮೊಟ್ಟೆಯೂ ಹೆಚ್ಚಾಗಿ ಬೇಕು. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮಂಡಿಯ ಲಿಗಮೆಂಟ್ ಹರಿಯುವ ಅಪಾಯ ಹುಡುಗಿಯರಿಗೆ ಹೆಚ್ಚಾಗಿರುವುದರಿಂದ, ಜಿಗಿದು ಸರಿಯಾಗಿ ನೆಲಕ್ಕಿಳಿಯುವ ಅಭ್ಯಾಸವನ್ನು ಹದಿಹರೆಯಕ್ಕೆ ಮುಂಚೆಯೇ ಮಾಡಿಸಬೇಕು.

ಹದಿನಾರರ ಸುಮಾರಿಗೆ ಸಿಂಗಲ್ಸ್ ಅಥವಾ ಡಬಲ್ಸ್ ಎಂಬ ನಿರ್ಧಾರ ಎದುರಾಗುತ್ತದೆ. ಅಂತರರಾಷ್ಟ್ರೀಯ ಟೂರ್ನಿಗಳ ಮೇಲ್ಹಂತದ ಸರಣಿಯಾದ ವರ್ಲ್ಡ್ ಟೂರ್‌ನಲ್ಲಿ ಡಬಲ್ಸ್ ಗೆದ್ದ ಜೋಡಿಯ ಬಹುಮಾನ ಸಿಂಗಲ್ಸ್‌ಗಿಂತ ಸ್ವಲ್ಪವೇ ಹೆಚ್ಚು, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಆದರೂ ಡಬಲ್ಸ್ ಅನ್ನು ಕೀಳೆಂದು ಕಾಣುವುದು ತಪ್ಪು: ನಮ್ಮದೇ ರಾಜ್ಯದ ಅಶ್ವಿನಿ ಪೊನ್ನಪ್ಪ 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ಕಂಚು ಗೆದ್ದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಆಡಿದರು.

ವಿಶ್ವ ರ‍್ಯಾಂಕಿಂಗ್‌ಗೆ 52 ವಾರಗಳ ಅತ್ಯುತ್ತಮ ಹತ್ತು ಟೂರ್ನಿಗಳ ಅಂಕಗಳು ಲೆಕ್ಕಕ್ಕೆ ಬರುತ್ತವೆ. ಕೆಳಹಂತದ ಇಂಟರ್‌ನ್ಯಾಷನಲ್ ಸೀರೀಸ್, ಚಾಲೆಂಜ್ ಟೂರ್ನಿಗಳಲ್ಲಿ ಬಹುಮಾನದಿಂದ ವಿಮಾನದ ಖರ್ಚೂ ಹುಟ್ಟುವುದು ಕಷ್ಟ. ಈ ಹಂತದಲ್ಲಿ ಕೈಹಿಡಿಯುವುದು ಕೇಂದ್ರ ಸರ್ಕಾರದ ಖೇಲೊ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ಸಿಗುವ ತಿಂಗಳಿಗೆ 10,000 ರೂಪಾಯಿಯ ಭತ್ಯೆ, ಅನಂತರ ರೈಲ್ವೆ ಹಾಗೂ ತೈಲ ಕಂಪನಿಗಳ ಕ್ರೀಡಾ ಕೋಟಾದ ನೌಕರಿ. ಕೋಟಾಕ್ಕೂ ವಿದ್ಯಾರ್ಹತೆ ಕೇಳುವುದರಿಂದ ಶಾಲೆಗೆ ಹೋಗಲಾಗದಿದ್ದರೆ ಮುಕ್ತ ಶಾಲಾ ವ್ಯವಸ್ಥೆಯ ಮೂಲಕವಾದರೂ ಹತ್ತು, ಹನ್ನೆರಡನೆಯ ತರಗತಿ ಮುಗಿಸಲೇಬೇಕು. ಹತ್ತೊಂಬತ್ತು ದಾಟಿದರೂ ರಾಷ್ಟ್ರೀಯ ಟೂರ್ನಿಗಳ ಮುಖ್ಯ ಸುತ್ತಿಗೆ ಏರಲಾಗದಿದ್ದರೆ, ವಿಶ್ವವಿದ್ಯಾಲಯ ತಂಡದಲ್ಲಿ ಆಡುತ್ತ ಪದವಿ ಮುಗಿಸಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ತರಬೇತುದಾರರ ಡಿಪ್ಲೊಮಾಕ್ಕೆ ಅರ್ಜಿ ಹಾಕುವುದು ಒಳ್ಳೆಯದು.