ಓಟಕ್ಕೆ ಮೊದಲು ಕಣ್ಣು: ಸೇನಾ ಭರ್ತಿಯ ಹುಡುಗರನ್ನು ಪರೀಕ್ಷಿಸಿದ ನನ್ನ ಅನುಭವ

ಬೆಳಗಾವಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ನೇತ್ರಾಧಿಕಾರಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದಲೋ, ಮಾಜಿ ಸೈನಿಕರಿಲ್ಲದ ಓಣಿಯೇ ಇಲ್ಲವೆನ್ನುವಂತಹ ಹಳ್ಳಿಗಳು ಸುತ್ತಲೂ ಇರುವುದರಿಂದಲೋ, ನಮ್ಮ ಕಡೆ ಪಿಯುಸಿ ಮುಗಿಸಿದ ಹುಡುಗರು ನಸುಕಿನಲ್ಲಿ ರಸ್ತೆಯುದ್ದಕ್ಕೂ ಓಡುತ್ತಿರುತ್ತಾರೆ. 1.6 ಕಿಲೋಮೀಟರ್ ಓಟದಲ್ಲಿ ನಾಲ್ಕು ಸೆಕೆಂಡು ಉಳಿಸಲು ಎರಡು ವರ್ಷ ಬೆವರು ಹರಿಸುವ ಇವರು ನನ್ನ ಕೋಣೆಗೆ ಬರುತ್ತಿದ್ದುದು ಮಾತ್ರ ವೈದ್ಯಕೀಯ ಪರೀಕ್ಷೆಯಲ್ಲಿ ‘ಅನ್‌ಫಿಟ್’ ಎನಿಸಿಕೊಂಡ ಮೇಲೆ. ಅಷ್ಟು ಹೊತ್ತಿಗೆ ನಾನು ಮಾಡಬಹುದಾದದ್ದು ಬಹಳ ಕಡಿಮೆ ಇರುತ್ತಿತ್ತು.

ಹೀಗೆ ಬಂದ ಒಬ್ಬ ಹುಡುಗ, ತನ್ನ ತರಬೇತಿ ಶಾಲೆಯಲ್ಲಿ ತಿಂಗಳಿಗೊಮ್ಮೆ ಕಣ್ಣು ಪರೀಕ್ಷಿಸುತ್ತಿದ್ದರೆಂದೂ, ಪ್ರತಿ ಸಲವೂ ತಾನು ಕಡೆಯ ಸಾಲಿನವರೆಗೆ ಓದಿದ್ದೇನೆಂದೂ ಹಟದಿಂದ ಹೇಳಿದ. ನನ್ನ ಕೋಣೆಯಲ್ಲಿ ಅವನಿಗೆ 6/12ರ ಸಾಲಿನಿಂದ (ಸರಿಯಾದ ಕಣ್ಣು ಹನ್ನೆರಡು ಮೀಟರಿನಿಂದ ಓದುವುದನ್ನು ಆರು ಮೀಟರಿನಿಂದ ಮಾತ್ರ ಓದಬಲ್ಲ ಸಾಲು) ಕೆಳಗೆ ಒಂದಕ್ಷರವೂ ದಕ್ಕಲಿಲ್ಲ. ಸುಳ್ಳು ಹೇಳುವ ಮುಖ ಅದಾಗಿರಲಿಲ್ಲವಾದ್ದರಿಂದ, ಒಂದು ಭಾನುವಾರ ಆ ಶಾಲೆಗೆ ಹೋಗಿ ನೋಡಿದೆ. ಗೋಡೆಗೆ ತೂಗುಹಾಕಿದ್ದ ಚಾರ್ಟು ಸರಿಯಾದದ್ದೇ, ಆರು ಮೀಟರಿನದು. ಆದರೆ ಕೋಣೆಯ ಉದ್ದವೇ ಹತ್ತು ಅಡಿ. ಆರು ಮೀಟರ್ ದೂರದಿಂದ ಓದಬೇಕಾದ ಸಾಲನ್ನು ಮೂರು ಮೀಟರಿನಿಂದ ಓದಿದರೆ ಅದು 3/6, ಅಂದರೆ 6/12 ಆಯಿತೇ ಹೊರತು 6/6 ಅಲ್ಲ. ಹುಡುಗನೂ ನಿಜ ಹೇಳಿದ್ದ, ತರಬೇತುದಾರರೂ ಮೋಸ ಮಾಡಿರಲಿಲ್ಲ. ಕೋಣೆ ಮಾತ್ರ ಇಬ್ಬರಿಗೂ ಸುಳ್ಳು ಹೇಳಿತ್ತು.

ಅಂದಿನಿಂದ ನನ್ನ ಚೀಲದಲ್ಲಿ ಆರು ಮೀಟರ್ ಉದ್ದದ ಒಂದು ದಾರ ಮತ್ತು ಒಂದು ಸ್ಕೇಲು ಇರುತ್ತವೆ. ಸ್ಕೇಲು ಏಕೆಂದರೆ, ಮೊಬೈಲಿನಿಂದ ಇಳಿಸಿಕೊಂಡು ಸಾಧಾರಣ ಹಾಳೆಯಲ್ಲಿ ಮುದ್ರಿಸಿದ ಚಾರ್ಟುಗಳನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ನೆದರ್‌ಲ್ಯಾಂಡ್ಸಿನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಈ ಚಾರ್ಟಿನಲ್ಲಿ ಅಕ್ಷರದ ಎತ್ತರಕ್ಕೆ ಲೆಕ್ಕವಿದೆ: 6/60ರ ದೊಡ್ಡ ಅಕ್ಷರ ಸುಮಾರು 87 ಮಿಲಿಮೀಟರ್, 6/6ರ ಅಕ್ಷರ ಒಂಬತ್ತಕ್ಕಿಂತ ತುಸು ಕಡಿಮೆ. ಮೇಲಿನ ಅಕ್ಷರ ನಾಲ್ಕು ಬೆರಳಗಲವೂ ಇಲ್ಲದಿದ್ದರೆ ಆ ಹಾಳೆಯನ್ನು ಅಲ್ಲೇ ಮಡಚಿ ಇಡಲು ಹೇಳುತ್ತೇನೆ. ಕೋಣೆ ಚಿಕ್ಕದಿದ್ದವರಿಗೆ, ತಿರುಗುಮುರುಗಾಗಿ ಮುದ್ರಿಸಿದ ಚಾರ್ಟನ್ನು ಹುಡುಗನ ತಲೆಯ ಮೇಲ್ಗಡೆ ತೂಗುಹಾಕಿ, ಮೂರು ಮೀಟರ್ ಎದುರಿಗೆ ಕನ್ನಡಿ ಇಟ್ಟು ನೋಡಿಸುವ ಹಳೆಯ ಉಪಾಯವನ್ನು ತೋರಿಸಿಕೊಟ್ಟಿದ್ದೇನೆ. ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುವ ಜಾಣರಿಗಾಗಿ ನಾಲ್ಕು ದಿಕ್ಕಿಗೂ ತಿರುಗಿಸಬಹುದಾದ ಇಂಗ್ಲಿಷ್ ‘E’ ಅಕ್ಷರದ ಫಲಕವಿದೆ.

ಅಗ್ನಿವೀರ್ ಜನರಲ್ ಡ್ಯೂಟಿಯ ಅಧಿಸೂಚನೆಗಳು ಕೇಳುವುದು ಒಂದೊಂದೇ ಕಣ್ಣಿನಿಂದ ಪ್ರತ್ಯೇಕವಾಗಿ 6/6 ಓದುವುದನ್ನು. ಎರಡೂ ಕಣ್ಣು ತೆರೆದು ಓದಿದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಒಂದು ಕಣ್ಣನ್ನು ಮುಚ್ಚಿಸುವಾಗ ನಾನು ಅಂಗೈಯ ತಗ್ಗಿನಿಂದ ಮುಚ್ಚಿಸುತ್ತೇನೆ, ಬೆರಳಿನಿಂದಲ್ಲ. ಬೆರಳ ಸಂದಿಯಿಂದ ಇಣುಕುವುದನ್ನು ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಕಣ್ಣು ಕಿರಿದು ಮಾಡಿದರೂ ತಡೆಯುತ್ತೇನೆ, ಏಕೆಂದರೆ ಭರ್ತಿಯಲ್ಲಿ ಕುಳಿತ ವೈದ್ಯರೂ ತಡೆಯುತ್ತಾರೆ.

6/6 ತಪ್ಪಿದವನಿಗೆ ನಾನು ಕೊಡುವ ಮೊದಲ ಉಪಕರಣ ಪಿನ್‌ಹೋಲ್. ಕರಿಯ ತಗಡಿನಲ್ಲಿ ಸೂಜಿಯಷ್ಟು ರಂಧ್ರ, ಅಷ್ಟೇ. ಅದರ ಮೂಲಕ ನೋಡಿದಾಗ ಸಾಲುಗಳು ತಿಳಿಯಾದರೆ ಕೊರತೆ ನಂಬರಿನದು, ಕನ್ನಡಕದಿಂದ ಸರಿಹೋಗುವಂಥದ್ದು; ತಿಳಿಯಾಗದಿದ್ದರೆ ಅಕ್ಷಿಪಟಲವನ್ನೋ, ಬಾಲ್ಯದಲ್ಲಿ ಯಾರೂ ಗಮನಿಸದೆ ಉಳಿದ ಸೋಮಾರಿ ಕಣ್ಣನ್ನೋ (ಮಿದುಳು ಬಳಸದೆ ಬಿಟ್ಟಿದ್ದರಿಂದ ದೃಷ್ಟಿ ಬೆಳೆಯದ ಕಣ್ಣು) ಶಂಕಿಸಿ ನೇತ್ರತಜ್ಞರ ಬಳಿಗೆ ಕಳಿಸುತ್ತೇನೆ. ಸೋಮಾರಿ ಕಣ್ಣಿನ ಹುಡುಗರ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಒಂದನೇ ಎರಡನೇ ತರಗತಿಯಲ್ಲಿ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ದುಡಿಸಿದ್ದರೆ ಸುಧಾರಿಸಬಹುದಾಗಿದ್ದ ಕಣ್ಣನ್ನು ಹದಿನೆಂಟನೆಯ ವಯಸ್ಸಿನಲ್ಲಿ 6/6ಕ್ಕೆ ತರುವ ಭರವಸೆಯನ್ನು ನಾನು ಯಾರಿಗೂ ಕೊಡಲಾರೆ. ಗಜ್ಜರಿ ತಿಂದು, ಮುಂಜಾನೆ ಹಸಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಮೈನಸ್ ನಂಬರು ಇಳಿದವರನ್ನು ನಾನಿನ್ನೂ ಕಂಡಿಲ್ಲ.

ಆದರೆ ಇಳಿಯುವ ನಂಬರೂ ಒಂದಿದೆ. ಒಬ್ಬ ಹುಡುಗ ಮೈನಸ್ ಮುಕ್ಕಾಲಿನ ಚೀಟಿ ಹಿಡಿದು ಬಂದ. ಪ್ರವೇಶ ಪರೀಕ್ಷೆಗೆಂದು ರಾತ್ರಿ ಒಂದರವರೆಗೆ ಮೊಬೈಲಿನಲ್ಲೇ ಓದುತ್ತಿದ್ದನಂತೆ. ಸಂಜೆಗೆ ಹಣೆ ನೋವು, ಬೆಳಿಗ್ಗೆ ದೂರದ್ದು ಸ್ಪಷ್ಟ, ಮಧ್ಯಾಹ್ನದ ನಂತರ ಮಸುಕು. ನಮ್ಮ ನೇತ್ರತಜ್ಞೆ ಸೈಕ್ಲೋಪೆಂಟೋಲೇಟ್ ಹನಿ ಹಾಕಿಸಿ ಕಣ್ಣಿನೊಳಗಿನ ಸ್ನಾಯುವನ್ನು ಸಡಿಲಗೊಳಿಸಿ ನೋಡಿದಾಗ ಆ ಮುಕ್ಕಾಲು ನಂಬರು ಮಾಯವಾಗಿತ್ತು. ಹತ್ತಿರದ್ದನ್ನೇ ಎಡೆಬಿಡದೆ ನೋಡಿ ಬಿಗಿದುಕೊಂಡ ಸ್ನಾಯು ಸಮೀಪದೃಷ್ಟಿಯ ವೇಷ ಹಾಕಿತ್ತು. ಪುಸ್ತಕಕ್ಕೆ ಮರಳಿ, ಓದಿನ ನಡುವೆ ಆಗಾಗ ದೂರ ನೋಡುವುದನ್ನು ರೂಢಿಸಿಕೊಂಡು, ಮೂರು ವಾರದ ನಂತರ ಬಂದಾಗ ಅವನು ಎರಡೂ ಕಣ್ಣಿನಲ್ಲಿ 6/6 ಓದಿದ. ಇಂತಹವರು ಕಡಿಮೆ, ಹಾಗೆಂದು ಹನಿ ಹಾಕಿ ನೋಡದೆ ಎಳೆಯ ಹುಡುಗನಿಗೆ ನಂಬರು ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ.

ಬಣ್ಣದ ಪರೀಕ್ಷೆಯಲ್ಲಿ ಎಡವಟ್ಟುಗಳು ಇನ್ನೂ ಹೆಚ್ಚು. ಜಪಾನಿನ ಸೇನಾ ಭರ್ತಿಗೆಂದೇ ಶಿನೋಬು ಇಶಿಹಾರಾ ರೂಪಿಸಿ 1917ರಲ್ಲಿ ಪ್ರಕಟಿಸಿದ, ಬಣ್ಣದ ಚುಕ್ಕೆಗಳ ನಡುವೆ ಅಂಕಿಗಳನ್ನು ಅಡಗಿಸಿದ ಪುಸ್ತಕವೇ ಇಂದಿಗೂ ನಮ್ಮ ಕೈಯಲ್ಲಿರುವುದು. ಅದನ್ನು ಹಗಲಿನ ಬೆಳಕಿನಲ್ಲಿ, 75 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಪುಟಕ್ಕೆ ಮೂರು ಸೆಕೆಂಡಿನೊಳಗೆ ಉತ್ತರ ಪಡೆಯಬೇಕು. ಬಿಸಿಲಿಗೆ ಬಿಟ್ಟ ಪುಸ್ತಕದ ಬಣ್ಣ ಮಾಸುವುದರಿಂದ ನಾನು ಬೀರುವಿನಲ್ಲೇ ಇಡುತ್ತೇನೆ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ, ಅದನ್ನೂ ಕಾಣೆನೆಂದವನಿಗೆ ಪರೀಕ್ಷೆಯೇ ಅರ್ಥವಾಗಿಲ್ಲ ಅಥವಾ ಅವನ ಮನಸ್ಸಿನಲ್ಲಿ ಬೇರೇನೋ ಇದೆ.

ಒಮ್ಮೆ ತಾಯಿಯೊಡನೆ ಬಂದ ಹುಡುಗ ಆ 12ರ ನಂತರ ತಡವರಿಸಿದ. ಹಣ್ಣು ಮೆಣಸಿನಕಾಯಿ ಬಿಡಿಸಲು ಹಚ್ಚಿದರೆ ಹಸಿರನ್ನೂ ಕಿತ್ತು ಬುಟ್ಟಿಗೆ ಹಾಕುತ್ತಾನೆಂದು ಬೈಯುತ್ತಿದ್ದರಂತೆ. “ನನ್ನ ತಮ್ಮನೂ ಹಿಂಗ ಮಾಡತಿದ್ದ ನೋಡ್ರಿ ಸರ, ನಾವು ಸೋಮಾರಿ ಅಂತ ತಿಳಿದಿದ್ವಿ” ಎಂದರು ತಾಯಿ. ಸೋದರಮಾವನಿಗಿದ್ದದ್ದು ಅಳಿಯನಿಗೆ ಬರುವುದು ಈ ಬಣ್ಣಗುರುಡಿನಲ್ಲಿ ಸಹಜ. ತಾಯಿಗೆ ಏನೂ ತೊಂದರೆಯಾಗದಂತೆ ಆಕೆಯ ಮೂಲಕ ಮಗನಿಗೆ ದಾಟಿಬರುತ್ತದೆ. ಮದ್ದಿಲ್ಲವೆಂದು ಹೇಳಿದೆ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲವೆಂದೂ ಹೇಳಿದೆ, ಏಕೆಂದರೆ ಸೈನಿಕ ಹುದ್ದೆಗೆ ಬೇಕಾದ ಸಿಪಿ-3 ಎಂಬ ಬಣ್ಣಗ್ರಹಿಕೆಯ ದರ್ಜೆಗೆ ಒಂದೂವರೆ ಮೀಟರ್ ದೂರದಿಂದ ಪರೀಕ್ಷಾ ದೀಪದಲ್ಲಿ ಬಿಳಿ ಹಾಗೂ ಸಂಕೇತದ ಕೆಂಪು, ಹಸಿರನ್ನು ತಪ್ಪಿಲ್ಲದೆ ಗುರುತಿಸಿದರೆ ಸಾಕು, ಮತ್ತು ಪುಸ್ತಕದಲ್ಲಿ ಎಡವಿದ ಕೆಲವರು ದೀಪದ ಮುಂದೆ ಪಾರಾಗುವುದುಂಟು. ಈ ಹುಡುಗ ದೀಪದಲ್ಲೂ ಎಡವಿದ. ಕೆಂಬಣ್ಣದ ಮಸೂರ ಹಾಕಿಸಿಕೊಂಡು ಪುಸ್ತಕ ಓದಿಬಿಡಬಹುದೆಂದು ಅವನಿಗೆ ಹೇಳಿಕೊಟ್ಟವರೂ ಇದ್ದರು. ಸಿಕ್ಕಿಬಿದ್ದರೆ ಏನಾಗುತ್ತದೆಂದು ನಾನು ಸ್ವಲ್ಪ ಗಡುಸಾಗಿಯೇ ತಿಳಿಸಬೇಕಾಯಿತು.

ಅಧಿಕಾರಿಗಳ ಭರ್ತಿಗೆ ಕನ್ನಡಕದವರೂ ಅರ್ಹರೆಂಬುದು ನಮ್ಮ ಕಡೆ ಬಹಳ ಮಂದಿಗೆ ತಿಳಿದಿಲ್ಲ. ಪದವಿಯ ನಂತರ ಭೂಸೇನೆಗೆ ಸೇರಲು, ಕನ್ನಡಕದೊಡನೆ 6/6 ಬರುವುದಾದರೆ ಮೈನಸ್ 3.5ರವರೆಗೆ ಅವಕಾಶವಿದೆ, ಪಿಯುಸಿ ನಂತರ ಸೇರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಈ ಮಿತಿ 2.5. ಹತ್ತೊಂಬತ್ತರ ಮಗಳಿಗೆ ಮೈನಸ್ 3 ಇದೆಯೆಂದು ನಂಬರು ತೆಗೆಯುವ ಲೇಸರ್ ಶಸ್ತ್ರಚಿಕಿತ್ಸೆ ಲೇಸಿಕ್ ಮಾಡಿಸಲು ಹೊರಟಿದ್ದ ತಂದೆಯೊಬ್ಬರನ್ನು ನಾನು ತಡೆದೆ. ಇಪ್ಪತ್ತು ತುಂಬುವ ಮೊದಲು ಮಾಡಿಸಿದ ಶಸ್ತ್ರಚಿಕಿತ್ಸೆಯೇ ಆಕೆಯನ್ನು ಅನರ್ಹಗೊಳಿಸುತ್ತಿತ್ತು; ನಂತರ ಮಾಡಿಸಿದರೂ ವರ್ಷ ಕಾಯಬೇಕು, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) 450 ಮೈಕ್ರಾನಿಗಿಂತ ತೆಳುವಾಗಿರಬಾರದು. ಇದ್ದ ನಂಬರಿನಲ್ಲೇ ಅರ್ಹಳಾಗಿದ್ದ ಮಗಳಿಗೆ ಅದರ ಅಗತ್ಯವೇ ಇರಲಿಲ್ಲ. ನಿಯಮಗಳು ಬದಲಾಗುತ್ತವಾದ್ದರಿಂದ, ಪ್ರತಿ ಹೊಸ ಅಧಿಸೂಚನೆಯ ಆ ಪುಟಗಳನ್ನು ಮುದ್ರಿಸಿ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ.

ಹತ್ತು ಅಡಿ ಕೋಣೆಯ ಆ ಶಾಲೆಯವರು ಮೊದಮೊದಲು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು, ಫೀಸು ಕಟ್ಟುವ ಮೊದಲೇ ಕಣ್ಣು ನೋಡಿದರೆ ನಾಲ್ಕು ಹುಡುಗರು ಕಡಿಮೆಯಾಗುತ್ತಾರೆಂಬ ಲೆಕ್ಕ ಅವರದು. ಈಗ ಚಾರ್ಟು ಹೊರಗಿನ ಪಡಸಾಲೆಗೆ ಬಂದಿದೆ. ನೆಲದ ಮೇಲೆ, ಗೋಡೆಯಿಂದ ಸರಿಯಾಗಿ ಆರು ಮೀಟರಿಗೆ, ಅವರೇ ಬಿಳಿ ಬಣ್ಣದಲ್ಲಿ ಗೆರೆ ಎಳೆಸಿದ್ದಾರೆ.