ಕಠಿಣ ಇಂಗ್ಲಿಷ್ ಪದ ಕಲಿಯೋಕೆ ಹಳೇ ಮದುವೆ ಕಾರ್ಡು ಸಾಕು

ಹತ್ತನೇ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ದಾವಣಗೆರೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಹೊಸದಾಗಿ ಬಂದವರ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇದ್ದೇ ಇರುತ್ತದೆ: ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ, ಸಾಲಾಗಿ ಮುನ್ನೂರು ನಾನೂರು. ಮೊದಲು ಅದನ್ನು ಪಕ್ಕಕ್ಕಿಡಿ ಅನ್ನುತ್ತೇನೆ.

ಪಿಯುಸಿಯಲ್ಲಿದ್ದಾಗ ಒಂದು ಪ್ರಬಂಧದಲ್ಲಿ ನಮ್ಮೂರ ಜಾತ್ರೆ ‘ನಟೋರಿಯಸ್’ ಎಂದು ಬರೆದಿದ್ದೆ. ನಾನು ಉರು ಹೊಡೆದ ಪಟ್ಟಿಯಲ್ಲಿ ಅದಕ್ಕೆ ‘ಹೆಸರಾದ’ ಎಂದಷ್ಟೇ ಇತ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ‘ಕುಖ್ಯಾತ’ ಎಂದು ಬರೆದುಕೊಟ್ಟರು. ಅವತ್ತಿನಿಂದ ಪಟ್ಟಿಯನ್ನು ನಂಬುವುದು ಬಿಟ್ಟೆ.

‘ತೆಳ್ಳಗಿನ’ ಎಂಬುದನ್ನೇ ತೆಗೆದುಕೊಳ್ಳಿ. ಸ್ಲೆಂಡರ್, ಸ್ಕ್ರಾನಿ, ಇಮೇಸಿಯೇಟೆಡ್ ಮೂರಕ್ಕೂ ಪಟ್ಟಿಯಲ್ಲಿ ಅದೇ ಅರ್ಥ. ಆದರೆ ಬಳುಕುವ ಮೈಯವಳು ಸ್ಲೆಂಡರ್. ನರಪೇತಲ ಅಂತೀವಲ್ಲ, ಅವನು ಸ್ಕ್ರಾನಿ. ಕಾಯಿಲೆಯಿಂದಲೋ ಹಸಿವಿನಿಂದಲೋ ಎಲುಬು ಎಣಿಸುವಂತಾದವನು ಇಮೇಸಿಯೇಟೆಡ್. ನಿಘಂಟಿನ ಗ್ರಾಂಥಿಕ ಅರ್ಥ ಓದಿ, ಆಮೇಲೆ ನಿಮ್ಮ ಮನೆಯಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಯೋಚಿಸಿ. ಅಜ್ಜಿಯ ಬಾಯಿಂದ ಬಂದ ಮಾತಿಗೆ ಗಂಟು ಹಾಕಿದ ಪದ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ಬೇರು. ಇದು ನನಗೆ ತುಂಬ ಇಷ್ಟದ ಭಾಗ. ಸಂಸ್ಕೃತದ ‘ವಾಕ್’ನಿಂದ ನಮಗೆ ವಾಗ್ಮಿ, ವಾಚಾಳಿ, ವಾಗ್ವಾದ ಬಂದಿವೆ. ದನಿ ಎಂಬ ಅರ್ಥದ ಲ್ಯಾಟಿನ್ ‘ವೋಕ್ಸ್’ ಅದರ ದಾಯಾದಿ. ಎರಡಕ್ಕೂ ಇಂಡೋ-ಯುರೋಪಿಯನ್ ಮೂಲದ, ಅಂದರೆ ಸಂಸ್ಕೃತಕ್ಕೂ ಲ್ಯಾಟಿನ್‌ಗೂ ಪೂರ್ವಜವಾದ ಭಾಷೆಯ, ಒಂದೇ ಧಾತು. ವೋಕಲ್, ಅಡ್ವೊಕೇಟ್, ರಿವೋಕ್ ಎಲ್ಲ ಆ ಮನೆಯ ಮಕ್ಕಳು. ಅಡ್ವೊಕೇಟ್ ಎಂದರೆ ನೆರವಿಗೆ ಕರೆಸಿಕೊಂಡವನು, ರಿವೋಕ್ ಎಂದರೆ ವಾಪಸ್ ಕರೆಯುವುದು, ಅಂದರೆ ರದ್ದು. ಇಕ್ವಿವೊಕಲ್‌ನಲ್ಲಿ ‘ಇಕ್ವಿ’ ಸಮಾನ: ಎರಡು ದನಿಯೂ ಸಮನಾಗಿ ಕೇಳುವ ಮಾತು. ಕನ್ನಡದಲ್ಲಿ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ! ಇದನ್ನು ಹೇಳಿದ ದಿನ ತರಗತಿಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ, ಆದರೂ ತಿಂಗಳಾದ ಮೇಲೆ ಕೇಳಿದರೆ ಎಲ್ಲರಿಗೂ ನೆನಪಿತ್ತು.

ಬೇರು ಊಹಿಸುವಾಗ ಎಚ್ಚರ ಬೇಕು. ಎನರ್ವೇಟ್ ಕೇಳಿದರೆ ಎನರ್ಜಿ ಅನಿಸುತ್ತದೆ. ಅರ್ಥ ತಿರುಗಾಮುರುಗಾ: ನರ ಕಿತ್ತ ಹಾಗೆ ಸುಸ್ತು ಮಾಡುವುದು. ಊಹಿಸಿದ್ದನ್ನು ನಿಘಂಟಿನಲ್ಲಿ ನೋಡದೆ ಬರೆದುಕೊಳ್ಳಬೇಡಿ.

ಈಗ ಕಾರ್ಡಿನ ವಿಷಯ. ಹಳೇ ಮದುವೆ ಕಾರ್ಡುಗಳಲ್ಲಿ ಎರಡೂ ಬದಿ ಖಾಲಿ ಇರುವ ಭಾಗವನ್ನು ನಾಲ್ಕು ತುಂಡು ಮಾಡಿ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುತ್ತಾ ಹೋಗಿ, ಎರಡನೇ ಸಲ ಎದುರಾದ ಪದಕ್ಕೆ ಮಾತ್ರ ಕಾರ್ಡು ಮಾಡಿ. ದಿನಕ್ಕೆ ಮೂರು ಸಾಕು. ಮುಂದೆ ಪದ, ಅದು ಸಿಕ್ಕ ವಾಕ್ಯ. ಹಿಂದೆ ಮನೆಮಾತಿನ ಅರ್ಥ, ನಿಮ್ಮದೇ ಬದುಕಿನ ಒಂದು ವಾಕ್ಯ, ಉಚ್ಚಾರ. ನಮ್ಮದು ಬರೆದಂತೆ ಓದುವ ಭಾಷೆಯಾದ್ದರಿಂದ ‘ಎಪಿಟಮಿ’ಯನ್ನು (epitome, ಅಂದರೆ ಪರಿಪೂರ್ಣ ಮಾದರಿ) ನಾವು ‘ಎಪಿಟೋಮ್’ ಮಾಡಿಬಿಡುತ್ತೇವೆ. ಕನ್ನಡದಲ್ಲಿ ಎ-ಪಿ-ಟ-ಮಿ ಎಂದು ಬರೆದು, ಒತ್ತು ಬೀಳುವ ‘ಪಿ’ಗೆ ಅಡಿಗೆರೆ ಎಳೆಯಿರಿ.

ಕಾರ್ಡು ತಿರುವಿಹಾಕುವ ಕ್ರಮ 1970ರ ದಶಕದಲ್ಲಿ ಜರ್ಮನ್ ಭಾಷೆಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದದ್ದು. ನಾನು ಸ್ವೀಟ್ ಬಾಕ್ಸಿನಲ್ಲಿ ರಟ್ಟು ಅಡ್ಡ ಹಾಕಿ ನಾಲ್ಕು ಖಾನೆ ಮಾಡಿಕೊಂಡಿದ್ದೇನೆ. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ. ಅರ್ಥ ನೆನಪಾದರೆ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ. ತಪ್ಪಿದರೆ ಎಲ್ಲಿದ್ದರೂ ಸರಿ, ಸೀದಾ ಮೊದಲನೆಯದಕ್ಕೆ. ನೆನಪಾದ ಹಾಗೆ ಅನಿಸಿತು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಕಾರ್ಡು ತಿರುಗಿಸುವ ಮುಂಚೆ ಬಾಯಿಬಿಟ್ಟು ಒಂದು ವಾಕ್ಯ ಹೇಳಲೇಬೇಕು.