ಕೊನೆಯ ಬಸ್ಸಿನಿಂದ ಹಿಂದಕ್ಕೆ ಎಣಿಸಿದ ಏಳು ದಿನ

ಚಾರಣದ ಯೋಜನೆಯ ಹಾಳೆಯಲ್ಲಿ ನಾನು ಮೊದಲು ಬರೆದುಕೊಂಡದ್ದು ಉತ್ತರ ಸ್ವೀಡನ್ನಿನ ನಿಕ್ಕಾಲುವೊಕ್ತಾ ಎಂಬ ಪುಟ್ಟ ಹಳ್ಳಿಯಿಂದ ಕಿರುನಾ ಪಟ್ಟಣಕ್ಕೆ ಹೊರಡುವ ಬಸ್ಸಿನ ಹೊತ್ತು. ದಿನಕ್ಕೆ ಬೆರಳೆಣಿಕೆಯ ಬಸ್ಸುಗಳು. ಅದು ತಪ್ಪಿದರೆ ಕಿರುನಾದ ರಾತ್ರಿ ರೈಲು ತಪ್ಪುತ್ತದೆ, ರೈಲು ತಪ್ಪಿದರೆ ಸೋಮವಾರದ ಕಚೇರಿ ತಪ್ಪುತ್ತದೆ. ಹಾಳೆಯ ತಳದಲ್ಲಿ ಬಸ್ಸನ್ನು ಬರೆದು, ಅಲ್ಲಿಂದ ಮೇಲಕ್ಕೆ ಒಂದೊಂದೇ ದಿನವನ್ನು ತುಂಬುತ್ತ ಹೋದೆ. ನಮ್ಮೂರಿನ ಮದುವೆಗಳಲ್ಲಿ ಮುಹೂರ್ತ ಇಟ್ಟುಕೊಂಡು ಅಡಿಗೆಯವರಿಗೆ ಒಲೆ ಹಚ್ಚುವ ಹೊತ್ತು ಹೇಳುತ್ತಾರಲ್ಲ, ಹಾಗೆ.

ದಾರಿಯ ಹೆಸರು ಕುಂಗ್ಸ್‌ಲೇಡೆನ್, ಅಂದರೆ ರಾಜಮಾರ್ಗ. ಸ್ವೀಡನ್ನಿನ ಉತ್ತರದ ಬೆಟ್ಟಗಳಲ್ಲಿ ಆಬಿಸ್ಕೊದಿಂದ ಹೇಮಾವನ್‌ವರೆಗೆ ಸುಮಾರು 440 ಕಿಲೋಮೀಟರ್. ಅದರ ಉತ್ತರದ ತುದಿಯಲ್ಲಿ ಆಬಿಸ್ಕೊದಿಂದ ಹೊರಟು, ಕೊನೆಗೆ ಮುಖ್ಯ ದಾರಿಯನ್ನು ಬಿಟ್ಟು ಕೆಬ್ನೆಕೈಸೆ ಬೆಟ್ಟದ ಬುಡದ ತಂಗುಮನೆಯನ್ನು ಹಾದು ನಿಕ್ಕಾಲುವೊಕ್ತಾಕ್ಕೆ ಇಳಿಯುವ 105 ಕಿಲೋಮೀಟರ್ ಮಾತ್ರ ನಮ್ಮ ಪಾಲಿನದು. ನಡುವೆ ಒಂದೇ ಒಂದು ರಸ್ತೆ ಅಡ್ಡ ಬರುವುದಿಲ್ಲ. 1885ರಲ್ಲಿ ಹುಟ್ಟಿದ ಸ್ವೀಡಿಷ್ ಪ್ರವಾಸಿ ಸಂಘದ ತಂಗುಮನೆಗಳು ಹತ್ತರಿಂದ ಇಪ್ಪತ್ತು ಕಿಲೋಮೀಟರಿಗೆ ಒಂದರಂತೆ ಇವೆ. ನಾನು ಒಂಬತ್ತು ವರ್ಷಗಳಿಂದ ಗೋಥೆನ್‌ಬರ್ಗ್ ವಾಸಿ. ತಮ್ಮ ಸ್ಟಾಕ್‌ಹೋಮ್‌ನಲ್ಲಿದ್ದಾನೆ. ಇಬ್ಬರೂ ತೀರ್ಥಹಳ್ಳಿ ಕಡೆಯವರು. ಕಾಲೇಜು ದಿನಗಳಲ್ಲಿ ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು ಇಳಿದದ್ದೇ ನಮ್ಮ ಚಾರಣದ ಬಂಡವಾಳ.

ಆ ಬಂಡವಾಳವೇ ಮೊದಲು ದಾರಿ ತಪ್ಪಿಸಿತು. ಕುಂಗ್ಸ್‌ಲೇಡೆನ್ನಿನ ಅತಿ ಎತ್ತರದ ಜಾಗ ಚೆಕ್ತ್ಯಾ ಕಣಿವೆಬಾಗಿಲು, ಅಂದರೆ ಬೆಟ್ಟಗಳ ನಡುವೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವ ಜಾಗ, ಸುಮಾರು 1150 ಮೀಟರ್. ಕುಮಾರ ಪರ್ವತ 1712. ನಕ್ಕುಬಿಟ್ಟೆ. ಆಬಿಸ್ಕೊ ಇರುವುದು 68ನೆಯ ಅಕ್ಷಾಂಶದಲ್ಲಿ, ಆರ್ಕ್‌ಟಿಕ್ ವೃತ್ತಕ್ಕಿಂತ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ ಎಂಬುದರ ಅರ್ಥ ಆಗ ತಲೆಗೆ ಹೋಗಿರಲಿಲ್ಲ. ಅಲ್ಲಿ ಆರೇಳುನೂರು ಮೀಟರಿಗೆಲ್ಲ ಮರಗಳೇ ಮುಗಿಯುತ್ತವೆ. ಬರ್ಚ್ ಮರಗಳ ಕುರುಚಲು ದಾಟಿದರೆ ಗಾಳಿಗೂ ನಿಮಗೂ ನಡುವೆ ಏನೂ ಇರುವುದಿಲ್ಲ.

ನಕ್ಕವಳು ಹಾಕಿದ ಮೊದಲ ಲೆಕ್ಕ ಐದು ದಿನಗಳದ್ದು: ಗಂಟೆಗೆ ನಾಲ್ಕು ಕಿಲೋಮೀಟರ್, ದಿನಕ್ಕೆ ಆರು ಗಂಟೆ. ಪುಣ್ಯಕ್ಕೆ ಹೊರಡುವ ಎರಡು ತಿಂಗಳ ಮೊದಲು, ಗೋಥೆನ್‌ಬರ್ಗ್ ಪಕ್ಕದಲ್ಲೇ ಹಾದುಹೋಗುವ ಬೋಹುಸ್‌ಲೇಡೆನ್ ಎಂಬ ಕಾಡುದಾರಿಯಲ್ಲಿ ಪೂರ್ತಿ ಭಾರ ಹೊತ್ತು ಒಂದು ರಾತ್ರಿಯ ತಾಲೀಮು ನಡೆಸಿದೆವು. 17 ಕಿಲೋಮೀಟರಿಗೆ ಏಳು ಗಂಟೆ ಬೇಕಾಯಿತು. ಡೇರೆ ಬಿಚ್ಚಿ ಮಡಚಿ ಚೀಲಕ್ಕೆ ತುಂಬಲು ಬೆಳಿಗ್ಗೆ ಒಂದೂವರೆ ಗಂಟೆ ಬೇರೆ. ತಮ್ಮ ಹೆಗಲು ಉಜ್ಜಿಕೊಳ್ಳುತ್ತ, "ಅಕ್ಕ, ನಿನ್ನ ಐದು ದಿನದ ಲೆಕ್ಕವನ್ನು ಒಲೆಗೆ ಹಾಕು" ಎಂದ. ಹಾಕಿದೆ. ಯಾವ ಸಲಕರಣೆಯ ಅಂಗಡಿಯವನೂ ಕೊಡದ ಬುದ್ಧಿಯನ್ನು ಆ ಒಂದು ರಾತ್ರಿ ಕೊಟ್ಟಿತು.

ಹೊಸ ಲೆಕ್ಕ ಹೀಗಾಯಿತು. ಮೊದಲ ದಿನ ಆಬಿಸ್ಕೊಯೌರೆಗೆ 15 ಕಿಲೋಮೀಟರ್. ಸ್ವೀಡನ್ನಿನಲ್ಲಿ 'ಎಲ್ಲರ ಹಕ್ಕು' ಎಂಬ ಪದ್ಧತಿಯಂತೆ ಮನೆಗಳಿಂದ ದೂರದಲ್ಲಿ ಎಲ್ಲಿ ಬೇಕಾದರೂ ಒಂದು ರಾತ್ರಿ ಡೇರೆ ಹಾಕಬಹುದು. ಆದರೆ ಆಬಿಸ್ಕೊ ರಾಷ್ಟ್ರೀಯ ಉದ್ಯಾನದೊಳಗೆ ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಹಾಕಬೇಕು, ಹಾಗಾಗಿ ಮೊದಲ ರಾತ್ರಿಯ ಜಾಗ ತಾನಾಗಿಯೇ ನಿಶ್ಚಯವಾಯಿತು. ಎರಡನೆಯ ದಿನ ಅಲೆಸ್‌ಯೌರೆಗೆ 20. ಮೂರನೆಯ ದಿನ ಬರೀ 13, ಕಣಿವೆಬಾಗಿಲಿನ ಈಚೆಗಿರುವ ಚೆಕ್ತ್ಯಾ ತಂಗುಮನೆಯವರೆಗೆ. ನಾಲ್ಕನೆಯ ದಿನ ಕಣಿವೆಬಾಗಿಲು ದಾಟಿ ಸೆಲ್ಕಾ ತಂಗುಮನೆಯನ್ನು ಹಾದು ಸಿಂಗಿಗೆ 24, ಐದನೆಯ ದಿನ ಕೆಬ್ನೆಕೈಸೆಗೆ 14, ಆರನೆಯ ದಿನ ಬಸ್ಸಿಗೆ 19. ಇವಿಷ್ಟು ಆರು ದಿನ. ಏಳನೆಯದು ಯಾವುದಕ್ಕೂ ಅಲ್ಲದ ದಿನ. ಕಚೇರಿಯಲ್ಲಿ ರಜೆ ಕೇಳುವಾಗ ಆ ದಿನವನ್ನು ವಿವರಿಸುವುದೇ ಕಷ್ಟವಾಯಿತು.

ಒಂದು ಚೀಟಿಯಲ್ಲಿ ಮೂರು ಕಟ್ಟಳೆ ಬರೆದು ಪ್ಲಾಸ್ಟಿಕ್ ಹೊದಿಕೆಗೆ ಹಾಕಿಟ್ಟುಕೊಂಡೆವು. ಮಧ್ಯಾಹ್ನ ಎರಡು ದಾಟಿದ ಮೇಲೆ ಕಣಿವೆಬಾಗಿಲಿಗೆ ಹತ್ತುವುದಿಲ್ಲ. ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಬೇಡ, ಕಾರಣ ಕೇಳುವಂತಿಲ್ಲ. ಒದ್ದೆಯಾದ ಮೈಯಲ್ಲಿ ಡೇರೆಗೆ ಜಾಗ ಹುಡುಕುತ್ತ ಅಲೆಯದೆ ತಂಗುಮನೆಗೆ ದುಡ್ಡು ಕೊಟ್ಟು ಒಳಗೆ ಮಲಗುವುದು. ಮನೆಯ ಮೇಜಿನ ಮುಂದೆ ಕಾಫಿ ಕುಡಿಯುತ್ತ ಬರೆದಾಗ ಇವು ಬಾಲಿಶ ಎನಿಸಿದ್ದವು.

ಕಾಲವನ್ನು ಆರಿಸುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಜೂನಿನಲ್ಲಿ ಮೇಲೆ ಹಿಮ ಇರುತ್ತದೆ, ತೊರೆಗಳು ಉಕ್ಕುತ್ತವೆ. ಜುಲೈಯಲ್ಲಿ ಸೊಳ್ಳೆ. ಮಲೆನಾಡಿನ ಉಂಬಳ ಕಂಡವರಿಗೂ ಆ ಸೊಳ್ಳೆಗಳು ಅತಿ ಎಂದು ಹೋಗಿಬಂದವರೆಲ್ಲ ಎಚ್ಚರಿಸಿದ್ದರು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ತಂಗುಮನೆಗಳು ಬಾಗಿಲು ಹಾಕುತ್ತ ಬರುತ್ತವೆ. ಉಳಿದದ್ದು ಆಗಸ್ಟಿನ ಕೊನೆಯ ವಾರ.

ಇನ್ನು ಭಾರ. ಅಡಿಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿದಾಗ ನನ್ನ ಚೀಲ 19 ಕಿಲೋ ಆಯಿತು. ನನ್ನ ತೂಕ 61. ಮೈತೂಕದ ಐದನೆಯ ಒಂದು ಭಾಗ ದಾಟಬಾರದು ಎಂಬುದು ಅನುಭವಿಗಳ ಅಂದಾಜು, ಅಂದರೆ 12 ಕಿಲೋ ಚಿಲ್ಲರೆ. ಅತಿ ಹೆಚ್ಚು ಭಾರ ಇಳಿದದ್ದು ನೀರಿನಲ್ಲಿ. ಕುಮಾರ ಪರ್ವತಕ್ಕೆ ತಲಾ ಮೂರು ಲೀಟರ್ ಹೊತ್ತ ನೆನಪಿನಲ್ಲಿ ಇಲ್ಲಿಗೂ ಅಷ್ಟೇ ಇಟ್ಟಿದ್ದೆ. ಆದರೆ ಈ ದಾರಿಯುದ್ದಕ್ಕೂ ತೊರೆಗಳಿವೆ, ಜನರು ಹರಿಯುವ ನೀರನ್ನು ನೇರವಾಗಿ ಲೋಟಕ್ಕೆ ತುಂಬಿ ಕುಡಿಯುತ್ತಾರೆ. ತಂಗುಮನೆಗಳ ಕೆಳಗಿನ ಹರಿವಿನಲ್ಲಿ ಮಾತ್ರ ತುಂಬಬಾರದು. ಅರ್ಧ ಲೀಟರಿನ ಬಾಟಲಿ ಸಾಕಾಯಿತು, ಎರಡೂವರೆ ಕಿಲೋ ಹೋಯಿತು. ಎರಡನೆಯ ಜೊತೆ ಶೂ, ದಪ್ಪ ಟವೆಲ್, ಓದಲು ಒಯ್ಯಬೇಕೆಂದಿದ್ದ ಪುಸ್ತಕ ಎಲ್ಲವೂ ಹೊರಗೆ. ಡೇರೆಯ ಬಟ್ಟೆ ನನಗೆ, ಕಂಬಿ ಮೊಳೆಗಳು ತಮ್ಮನಿಗೆ. ಕೊನೆಗೆ 13ಕ್ಕೆ ನಿಂತಿತು. ಆ ಹೆಚ್ಚಿನ ಒಂದು ಕಿಲೋ ಊಟದ್ದು. ಅದರಲ್ಲಿ ರಾಜಿ ಮಾಡಿಕೊಳ್ಳಲು ನಾನು ತಯಾರಿರಲಿಲ್ಲ.

ಈ ಊಟದ ವಿಷಯಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ಅಂಗಡಿಯಲ್ಲಿ ಸಿಗುವ ಒಣ ಊಟದ ಪೊಟ್ಟಣಗಳು ದುಬಾರಿ, ಸಸ್ಯಾಹಾರದಲ್ಲಿ ಮೂರು ನಾಲ್ಕು ಬಗೆ ಬಿಟ್ಟರೆ ಇಲ್ಲ, ಎಲ್ಲಕ್ಕೂ ಒಂದೇ ರುಚಿ. ಮನೆಯಲ್ಲೇ ಬಿಸಿಬೇಳೆಭಾತ್ ಒಣಗಿಸಲು ಹೊರಟೆ. ಮೊದಲ ಸಲ ಮಾಮೂಲಿನಂತೆ ತುಪ್ಪ, ಗೋಡಂಬಿ, ಬಟಾಣಿ ಹಾಕಿ ಮಾಡಿ ಒಣಗಿಸಿದೆ. ಮೂರು ವಾರ ಬಿಟ್ಟು ತೆರೆದರೆ ಮುಗ್ಗಲು ಎಣ್ಣೆಯ ವಾಸನೆ. ಬಿಸಿನೀರಿನಲ್ಲಿ ನೆನೆಸಿದರೆ ಅನ್ನ ಅರಳಿತು, ಬಟಾಣಿ ಮಾತ್ರ ಕಲ್ಲಾಗಿಯೇ ಉಳಿಯಿತು. ಎರಡನೆಯ ಸಲ ಜಿಡ್ಡನ್ನು ಪೂರ್ತಿ ಬಿಟ್ಟೆ, ಕೊಬ್ಬರಿಯನ್ನೂ ಬಿಟ್ಟೆ. ಬೇಳೆಯನ್ನು ಕರಗುವಷ್ಟು ಬೇಯಿಸಿ, ಕ್ಯಾರೆಟ್ ಹುರುಳಿಕಾಯಿಗಳನ್ನು ಎಳ್ಳುಕಾಳಿನಷ್ಟಲ್ಲದಿದ್ದರೂ ಕಡಲೆಬೇಳೆಯಷ್ಟು ಸಣ್ಣಗೆ ಹೆಚ್ಚಿದೆ. ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಹರಡಿ, ಓವನ್ನಿನಲ್ಲಿ 60 ಡಿಗ್ರಿಗೆ ಫ್ಯಾನ್ ಹಾಕಿ, ತೇವ ಹೊರಹೋಗಲೆಂದು ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಹತ್ತು ಗಂಟೆ ಬಿಟ್ಟೆ. ಒಂದು ಕಿಲೋ ಭಾತ್ ಒಣಗಿ ಮುನ್ನೂರು ಗ್ರಾಂ ಚಿಲ್ಲರೆಯಾಯಿತು. ತುಪ್ಪವನ್ನು ಬೇರೆಯಾಗಿ ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಒಯ್ದು, ಉಣ್ಣುವಾಗ ಹಾಕಿಕೊಂಡರೆ ಆಯಿತು. ಚಳಿಯಲ್ಲಿ ಅದು ಹೇಗೂ ಹೆಪ್ಪುಗಟ್ಟಿ ಚೆಲ್ಲದೆ ಕೂರುತ್ತದೆ.

ಆದರೆ ನಿಜವಾದ ಆಪದ್ಬಂಧು ಅವಲಕ್ಕಿ. ಅಮ್ಮ ಫೋನಿನಲ್ಲಿ, "ಅಲ್ಲಿ ಒಲೆ ಹತ್ತದಿದ್ದರೆ ಏನು ತಿನ್ನುತ್ತೀರಿ?" ಎಂದು ಕೇಳಿದ್ದೇ ದಾರಿ ತೋರಿಸಿತು. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಾಗಿ ತಿರುವಿ ತಲಾ 90 ಗ್ರಾಮಿನ ಪೊಟ್ಟಣ ಕಟ್ಟಿದೆ. ಹುಣಸೆಹಣ್ಣು, ಬೆಲ್ಲ, ಉಪ್ಪು, ಸಾರಿನ ಪುಡಿ ಸೇರಿಸಿ ಗಟ್ಟಿಯಾಗಿ ಕುದಿಸಿದ ಗೊಜ್ಜನ್ನು ಬೇರೆ ಡಬ್ಬಿಗೆ ತುಂಬಿದೆ. ತೊರೆಯ ತಣ್ಣೀರಿನಲ್ಲಿ ಗೊಜ್ಜು ಕದಡಿ ಅವಲಕ್ಕಿಗೆ ಹಾಕಿ ಕಾಲು ಗಂಟೆ ಮುಚ್ಚಿಟ್ಟರೆ ಗೊಜ್ಜವಲಕ್ಕಿ ಸಿದ್ಧ. ಬೆಂಕಿ ಬೇಡ, ಪಾತ್ರೆ ತೊಳೆಯುವ ಗೋಳೂ ಕಡಿಮೆ. ಬೆಳಿಗ್ಗೆಗೆ ರಾಗಿ ಹುರಿಹಿಟ್ಟು ಬೆಲ್ಲ, ದಾರಿಗೆ ಶೇಂಗಾ ಚಿಕ್ಕಿ. ತಲಾ ದಿನಕ್ಕೆ 600 ಗ್ರಾಂ ಎಂದು ಐದು ದಿನಕ್ಕೆ ಮಾತ್ರ ಒಯ್ದೆವು. ಆಬಿಸ್ಕೊಯೌರೆ, ಅಲೆಸ್‌ಯೌರೆ, ಸೆಲ್ಕಾ, ಕೆಬ್ನೆಕೈಸೆಗಳಲ್ಲಿ ಸಣ್ಣ ಅಂಗಡಿಗಳಿವೆ. ಚೆಕ್ತ್ಯಾ ಮತ್ತು ಸಿಂಗಿಯಲ್ಲಿ ಇಲ್ಲ. ಈ ವ್ಯತ್ಯಾಸವನ್ನು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡೆ.

ಗ್ಯಾಸಿನ ಲೆಕ್ಕ ಊಟದ ಲೆಕ್ಕದಿಂದಲೇ ಹುಟ್ಟಿತು. ಇಬ್ಬರಿಗೆ ದಿನಕ್ಕೆ ಎರಡೂವರೆ ಲೀಟರ್ ಬಿಸಿನೀರು. ಬಾಲ್ಕನಿಯಲ್ಲಿ ಗಾಳಿಗೊಡ್ಡಿ ಕುದಿಸಿ ತೂಗಿ ನೋಡಿದಾಗ ಲೀಟರಿಗೆ 15 ಗ್ರಾಂ ಹತ್ತಿರ ಖರ್ಚಾಗುತ್ತಿತ್ತು. ಆರು ದಿನಕ್ಕೆ 225 ಗ್ರಾಂ. 230ರ ಒಂದು ಡಬ್ಬಿ ಕೂದಲೆಳೆಯಲ್ಲಿ ಸಾಲುತ್ತದೆ, ಆದ್ದರಿಂದ 100ರದ್ದೊಂದು ಜೊತೆಗೆ. ವಿಮಾನದಲ್ಲಿ ಹೋಗುವವರು ಇದನ್ನು ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು.

ಮೊಬೈಲ್ ಸಂಕೇತ ದಾರಿಯ ಬಹುಭಾಗದಲ್ಲಿ ಇಲ್ಲ. ತಂಗುಮನೆಗಳಲ್ಲಿ ತುರ್ತು ದೂರವಾಣಿ ಇರುತ್ತದೆ. ನಮ್ಮ ಹಾಳೆಯ ಪ್ರತಿಯನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟು, ಬಸ್ಸಿನ ಹೊತ್ತಾಗಿ ಒಂದು ದಿನ ಕಳೆದರೂ ನಮ್ಮಿಂದ ಸುದ್ದಿ ಬರದಿದ್ದರೆ 112ಕ್ಕೆ ಕರೆ ಮಾಡುವಂತೆ ಹೇಳಿದ್ದೆ. ಅಮ್ಮನಿಗೆ ಮಾತ್ರ ಬಸ್ಸಿನ ಮರುದಿನ ಫೋನ್ ಮಾಡುತ್ತೇನೆಂದು ಹೇಳಿದ್ದೆ. ಅದು ಸುಳ್ಳೇನಲ್ಲ.

ನಡಿಗೆಯ ಮೊದಲೆರಡು ದಿನ ಹಾಳೆಯಲ್ಲಿದ್ದಂತೆಯೇ ನಡೆದವು. ಜೌಗು ನೆಲದ ಮೇಲೆ ಜೋಡಿ ಹಲಗೆಗಳನ್ನು ಹಾಸಿದ್ದಾರೆ, ಒಣಗಿದ್ದಾಗ ಅವು ಸುಖ, ಮಳೆ ಬಿದ್ದರೆ ಪಾಚಿಗಟ್ಟಿದ ಅಂಗಳ. ಎರಡನೆಯ ಸಂಜೆ ತಮ್ಮ ಜಾರಿ ಮೊಣಕಾಲು ಉಳುಕಿಸಿಕೊಂಡ. ಮೂರನೆಯ ದಿನ ಅಲೆಸ್‌ಯೌರೆ ಬಿಟ್ಟ ಮೇಲೆ ಗಾಳಿ ಎದ್ದಿತು. ಅಲ್ಲಿ ನನ್ನ ಒಂದು ಆಯ್ಕೆ ಪೂರ್ತಿ ಕೈಕೊಟ್ಟಿತು. ಮಳೆಗೆಂದು ನಾನು ತಂದದ್ದು ಪೊಂಚೊ. ಚಿಕ್ಕಂದಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋದವಳಿಗೆ ತಲೆಯಿಂದ ಚೀಲದವರೆಗೆ ಎಲ್ಲವನ್ನೂ ಮುಚ್ಚುವ ಹೊದಿಕೆಯೇ ಸರಿ ಎನಿಸಿತ್ತು. ಮರವಿಲ್ಲದ ಆ ಬಯಲಲ್ಲಿ ಮಳೆ ಅಡ್ಡಲಾಗಿ ಬರುತ್ತದೆ. ಪೊಂಚೊ ಹಾಯಿಯಂತೆ ಉಬ್ಬಿ ನನ್ನನ್ನು ಎರಡು ಸಲ ಕೂರಿಸಿತು. ಕೊನೆಗೆ ಹಗ್ಗದಿಂದ ಸೊಂಟಕ್ಕೆ ಬಿಗಿದುಕೊಂಡು ನಡೆದೆ. ಮೈಗಂಟುವ ಜಾಕೆಟ್ ಮತ್ತು ಮಳೆಪ್ಯಾಂಟನ್ನು 300 ಗ್ರಾಂ ಉಳಿಸಲು ಮನೆಯಲ್ಲಿ ಬಿಟ್ಟುಬಂದಿದ್ದೆ!

ಚೆಕ್ತ್ಯಾ ತಲುಪಿದಾಗ ಮೂರೂಮುಕ್ಕಾಲು. ಮೂರನೆಯ ಕಟ್ಟಳೆಯಂತೆ ದುಡ್ಡು ಕೊಟ್ಟು ಒಳಗೆ ಮಲಗಿದೆವು. ಮರುದಿನ ಬೆಳಿಗ್ಗೆ ಕಿಟಕಿಗೆ ಆಲಿಕಲ್ಲಿನಂಥ ಹಿಮ ಬಡಿಯುತ್ತಿತ್ತು. ನಾಲ್ವರು ಜರ್ಮನ್ನರು ಹೊರಟೇ ಹೋದರು. ಅವರ ಬೆನ್ನು ನೋಡುತ್ತ ನನಗೆ ನಾಚಿಕೆಯಾಯಿತು, ಹೋಗೋಣ ಎಂದೆ. ತಮ್ಮ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಎರಡನೆಯ ಸಾಲಿನ ಮೇಲೆ ಬೆರಳಿಟ್ಟ. ಮಾತಾಡಲಿಲ್ಲ. ಯಾವುದಕ್ಕೂ ಅಲ್ಲದ ದಿನ ಹೀಗೆ ಖರ್ಚಾಯಿತು.

ಆ ತಂಗುಮನೆಯಲ್ಲಿ ವಿದ್ಯುತ್ತಿಲ್ಲ, ನಲ್ಲಿಯಿಲ್ಲ. ಇಳಿದುಕೊಂಡವರೇ ತೊರೆಯಿಂದ ನೀರು ತರಬೇಕು, ಸೌದೆ ಒಡೆಯಬೇಕು, ಬಚ್ಚಲ ನೀರನ್ನು ಹೊರಗೆ ಚೆಲ್ಲಬೇಕು. ಸೌದೆ ಒಡೆಯುವುದರಲ್ಲಿ ತಮ್ಮನಿಗೆ ಹಳೆಯ ಕೈಚಳಕ ಉಳಿದಿದೆ ಎಂದು ಅಂದು ಗೊತ್ತಾಯಿತು. ಒಲೆಯ ಪಕ್ಕ ಬಿಸಿಬೇಳೆಭಾತ್ ಅರಳುವಾಗ ಎದ್ದ ಇಂಗಿನ ಘಮಕ್ಕೆ ತಂಗುಮನೆ ನೋಡಿಕೊಳ್ಳುವ ಹಿರಿಯಾಕೆ ಬಂದು ಒಂದು ಚಮಚ ಕೇಳಿದರು. ಖಾರಕ್ಕೆ ಕಣ್ಣೊರೆಸಿಕೊಂಡು ಇನ್ನೊಂದು ಚಮಚ ಕೇಳಿದರು.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಕಣಿವೆಬಾಗಿಲಿನಿಂದ ದಕ್ಷಿಣಕ್ಕೆ ಕಾಣುವ ಚೆಕ್ತ್ಯಾ ಕಣಿವೆಯನ್ನು ನೋಡುತ್ತ ಅರ್ಧ ಗಂಟೆ ಕುಳಿತೆವು. ಕೆಳಗೆ ಎಲ್ಲೋ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳು ಚುಕ್ಕೆಗಳಂತೆ ಚಲಿಸುತ್ತಿದ್ದವು. ಆ ಕಣಿವೆ ಇಳಿಜಾರು, ನಡಿಗೆ ಸಲೀಸು. 24 ಕಿಲೋಮೀಟರನ್ನು ಸಂಜೆ ಏಳಕ್ಕೆ ಮುಗಿಸಿದೆವು.

ಕೊನೆಯ ದಿನ ತಮ್ಮನ ಮೊಣಕಾಲು ಊದಿಕೊಂಡಿತ್ತು. ಕೆಬ್ನೆಕೈಸೆಯಿಂದ ಕೆಳಗೆ ಒಂದು ಸರೋವರದಲ್ಲಿ ಬೇಸಿಗೆಯಲ್ಲಿ ದೋಣಿ ಓಡುತ್ತದೆ, ಐದಾರು ಕಿಲೋಮೀಟರ್ ನಡಿಗೆ ಉಳಿಯುತ್ತದೆ. ಯೋಜನೆ ಮಾಡುವಾಗ ಇದನ್ನು ಸೋಮಾರಿಗಳ ದಾರಿ ಎಂದು ಬರೆದಿದ್ದೆ. ಟಿಕೆಟ್ಟಿನ ದುಡ್ಡು ಮರುಮಾತಿಲ್ಲದೆ ಕೊಟ್ಟೆ. ಬಸ್ಸಿಗೆ ನಲವತ್ತು ನಿಮಿಷ ಮೊದಲು ನಿಕ್ಕಾಲುವೊಕ್ತಾದಲ್ಲಿದ್ದೆವು. ಚೀಲದಲ್ಲಿ ಒಂದು ಪೊಟ್ಟಣ ಅವಲಕ್ಕಿ, ಡಬ್ಬಿಯ ತಳದಲ್ಲಿ ಒಂದಿಷ್ಟು ಗೊಜ್ಜು ಉಳಿದಿದ್ದವು. ಕೆಫೆಯ ಹೊರಗಿನ ಬೆಂಚಿನ ಮೇಲೆ ಕಲಸಿಟ್ಟು ಕಾಯುತ್ತಿದ್ದಾಗ ತಮ್ಮ, "ಪೊಂಚೊ ಇಲ್ಲೇ ಬಿಟ್ಟುಹೋಗುತ್ತೀಯೋ?" ಎಂದು ಕೇಳಿದ. ಬಿಡಲಿಲ್ಲ. ಈಗ ಬಾಲ್ಕನಿಯಲ್ಲಿ ಸೈಕಲ್ಲಿಗೆ ಹೊದಿಸಿದ್ದೇನೆ.